ನಮ್ಮ ಹಿತ್ತಲಿನ ಬೀದಿ ಬೂದುಗುಂಬಳ

ನಮ್ಮಪ್ಪನಿಗೆ ಮನುಷ್ಯರ ಮೇಲೂ ನಂಬಿಕೆಯಿರಲಿಲ್ಲ, ಪುಸ್ತಕದ ಮೇಲೂ ಇರಲಿಲ್ಲ. ಮಾರ್ಕೆಟ್ಟಿನಿಂದ ಬೀಜ ತಂದರೆ ಮೊದಲು ನೀರಿಗೆ ಹಾಕಿ, ತೇಲಿದ್ದನ್ನೆಲ್ಲ ಎತ್ತಿ ಎಸೆದು, ಮಾರಿದವನನ್ನು ಮನಸಾರೆ ಬೈದ ಮೇಲೆಯೇ ಕಾಫಿಯ ಲೋಟ ಮುಟ್ಟುತ್ತಿದ್ದರು. ಹಾಲಿನವಳು, ಅಂಚೆಯವನು, ಪಕ್ಕದ ಮನೆಯ ಮೇಷ್ಟರು, ಎಲ್ಲರ ಮೇಲೂ ಅವರಿಗೆ ಒಂದೊಂದು ಬಗೆಯ ಗುಮಾನಿ. ಅಮ್ಮನಿಗೆ ದೃಷ್ಟಿ, ಗಾಳಿ ಅಂಥ ಕಣ್ಣಿಗೆ ಕಾಣದ್ದರ ಮೇಲೆ ಗುಮಾನಿ. ಇಬ್ಬರ ಗುಣವೂ ಸೇರಿ ನನಗೆ ಬಂದಿದೆ. ಬೇಕಾದರೆ ನನ್ನ ಗಂಡನ ಮನೆಯವರನ್ನು ಕೇಳಿ, ಹೇಳುತ್ತಾರೆ.

ಸ್ವಾತಂತ್ರ್ಯ ಬಂದು ಹತ್ತು ವರ್ಷವಾಗಿದ್ದಿರಬಹುದು. ಮೈಸೂರಿನ ಸರಸ್ವತಿಪುರಂನಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಊರಿನ ಹೊಲವನ್ನು ಅಣ್ಣತಮ್ಮಂದಿರಿಗೆ ಬಿಟ್ಟು ಬಂದು ಗುಮಾಸ್ತರಾಗಿದ್ದ ಅಪ್ಪ ಆಗತಾನೆ ನಿವೃತ್ತರಾಗಿ, ಹಿತ್ತಲಿನ ತುಂಡು ನೆಲದಲ್ಲಿ ಬದನೆ, ಬೆಂಡೆ ಹಾಕಿಕೊಂಡಿದ್ದರು. ನಾನು ಲಕ್ಷ್ಮೀಪುರಂಗೆ ಮದುವೆಯಾಗಿ ಹೋದವಳು, ದಸರಾಕ್ಕೆ ಮೊದಲೇ ತೌರಿಗೆ ಬಂದಿದ್ದೆ. ಹಿಂದಿನ ವರ್ಷ ನನ್ನ ಮೊದಲನೆಯ ಬಸಿರು ನಿಲ್ಲಲಿಲ್ಲ, ಐದನೇ ತಿಂಗಳಿನಲ್ಲಿ ಹೋಯಿತು. ಈಗ ಮತ್ತೆ ಮೂರು ತಿಂಗಳಾಗಿತ್ತು. ಈ ಸಲ ಹೆರಿಗೆಯಾಗುವವರೆಗೂ ಭಾರ ಎತ್ತಕೂಡದು, ಹೆಚ್ಚು ಓಡಾಡಕೂಡದು ಎಂದು ಡಾಕ್ಟರಮ್ಮ ಕಟ್ಟುನಿಟ್ಟಾಗಿ ಹೇಳಿದ್ದರು. ಹಾಗಾಗಿ ನನಗಿದ್ದ ಕೆಲಸವೆಂದರೆ ಹಿತ್ತಲ ಬಾಗಿಲಲ್ಲಿ ಕೂತು ಅಪ್ಪನಿಗೆ ಪುಸ್ತಕ ಓದಿ ಹೇಳುವುದು.

ಲೈಬ್ರರಿಯಿಂದ ತಂದ ಇಂಗ್ಲಿಷ್ ಪುಸ್ತಕ. ಮಣ್ಣು, ಎರೆಹುಳ, ಬೇರು, ಜೇನುನೊಣ, ಒಂದನ್ನು ಬಿಟ್ಟು ಒಂದು ಹೇಗೆ ಬದುಕಲಾರದು ಎನ್ನುವ ವಿಚಾರ. ಅಪ್ಪನ ಇಂಗ್ಲಿಷ್ ಕಚೇರಿಯ ಫೈಲಿಗೆ ಸಾಕಾಗುತ್ತಿತ್ತು, ಎರೆಹುಳಕ್ಕೆ ಸಾಲುತ್ತಿರಲಿಲ್ಲ. ನಾನು ಇಂಟರ್‌ಮೀಡಿಯೆಟ್ ಮಾಡಿದ್ದವಳು, ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಅಪ್ಪ ಕೈಯಲ್ಲಿ ಕಳೆಗುದ್ದಲಿ ಹಿಡಿದು ನಿಂತು ಕೇಳುವರು. ಕೇಳಿದ್ದು ನಿಜವೇ ಎಂದು ಅಲ್ಲೇ ಒಂದು ಕಡೆ ಅಗೆದು ನೋಡುವರು. ನನ್ನ ಮೇಲೂ ನಂಬಿಕೆ ಅಷ್ಟಕ್ಕಷ್ಟೇ.

"ಅಷ್ಟುದ್ದದ ಇಂಗ್ಲಿಷಿಗೆ ಇಷ್ಟೇನಾ ಕನ್ನಡ? ಮಧ್ಯೆ ಏನೋ ನುಂಗ್ಬುಟ್ಟೆ ನೀನು."

ಮಣ್ಣಿನಿಂದ ತೆಗೆದದ್ದನ್ನೆಲ್ಲ ಮಣ್ಣಿಗೇ ಕೊಡಬೇಕು ಎಂಬ ಮಾತು ಮಾತ್ರ ಅಪ್ಪನಿಗೆ ಹಿಡಿಸಿತು. ಹಳ್ಳಿಯ ತಿಪ್ಪೆಯ ನೆನಪಾಯಿತೋ ಏನೋ, ಹಿತ್ತಲ ಮೂಲೆಯಲ್ಲಿ ಗೊಬ್ಬರದ ಗುಂಡಿ ತೋಡಿಸಿದರು. ಬೆಳಿಗ್ಗೆ ಗೋಣಿಚೀಲ ಹಿಡಿದು ಬೀದಿಯಲ್ಲಿ ಬಿದ್ದ ಎಲೆ, ಸಗಣಿ ಎಲ್ಲ ತಂದು ಸುರಿಯುವುದಕ್ಕೆ ಶುರುಮಾಡಿದರು. ಅಮ್ಮ ಮುಖ ಸಿಂಡರಿಸಿಕೊಂಡು ಸುಮ್ಮನಿದ್ದಳು. ವಿಜಯದಶಮಿಯ ದಿನ ಮಾತ್ರ ಸುಮ್ಮನಿರಲಾಗಲಿಲ್ಲ.

ಹಿಂದಿನ ದಿನ ಆಯುಧಪೂಜೆ. ಮೈಸೂರಿನಲ್ಲಿ ಆ ದಿನ ಒಂದು ಮನೆ, ಒಂದು ಅಂಗಡಿ, ಒಂದು ಸೈಕಲ್ಲು ತಪ್ಪದ ಹಾಗೆ ಬೂದುಗುಂಬಳಕಾಯಿ ನಿವಾಳಿಸಿ ಒಡೆಯುತ್ತಾರೆ. ನಮ್ಮ ಬೀದಿಯಲ್ಲಿ ಎದುರು ಮನೆಯವರದೇ ಭರ್ಜರಿ. ಅವರದು ಹಿಟ್ಟಿನ ಮಿಲ್ಲು. ಮನೆಯ ಯಜಮಾನಿ, ಮಂಡ್ಯದ ಕಡೆಯ ಒಕ್ಕಲುಮನೆಯ ವಯಸ್ಸಾದ ಹೆಂಗಸು, ಮಿಲ್ಲಿಗೂ ಮೊಮ್ಮಕ್ಕಳಿಗೂ ಬೇರೆ ಬೇರೆಯಾಗಿ ನಿವಾಳಿಸಿ ಮಗನ ಕೈಲಿ ನಾಲ್ಕು ರಸ್ತೆ ಕೂಡುವ ಜಾಗದಲ್ಲಿ ಒಡೆಸುತ್ತಿದ್ದಳು. ಕುಂಕುಮ ಕಲಸಿದ ಆ ಹೋಳುಗಳನ್ನು ಯಾರೂ ದಾಟುವುದಿಲ್ಲ, ಮುಟ್ಟುವ ಮಾತಂತೂ ದೂರ. ಬಿದ್ದ ಕಣ್ಣುಗಳ ಕೆಟ್ಟದ್ದೆಲ್ಲ ಅದರೊಳಗಿದೆ ಎಂಬುದು ಎಳೆಮಗುವಿಗೂ ಗೊತ್ತು.

ಅಪ್ಪ ಮಾರನೆಯ ಬೆಳಿಗ್ಗೆ ಅವನ್ನೆಲ್ಲ ಗೋಣಿಚೀಲಕ್ಕೆ ತುಂಬಿಕೊಂಡು ಬಂದು ನಮ್ಮ ಗುಂಡಿಗೆ ಸುರಿದರು.

"ಏನ್ರೀ ಇದು!" ಎಂದು ಅಮ್ಮ ಕಿರುಚಿದ್ದು ನನಗೆ ನಡುಮನೆಗೆ ಕೇಳಿಸಿತು. "ಬೀದಿ ಮಂದಿ ದೃಷ್ಟಿಯೆಲ್ಲಾ ಹೊತ್ಕೊಂಡು ಬಸುರಿ ಇರೋ ಮನೆಗೆ ತಂದ್ರಾ?"

"ಎಲ್ಲಾ ನೀರು ಕಣೆ. ನೀರು, ನಾರು, ಬೀಜ. ಒಳ್ಳೇ ಗೊಬ್ಬರ ಸುಮ್ನೆ ಹಾಳಾಗ್ತಿತ್ತು."

"ಹೋದ್ಸಲಾನೂ ನಿಮ್ಮ ಮಾತು ಕೇಳ್ಕೊಂಡು ಒಂದು ನಿಂಬೆಹಣ್ಣೂ ನಿವಾಳಿಸ್ಲಿಲ್ಲ ನಾನು. ಏನಾಯ್ತು?"

ಅಪ್ಪ ಗುಂಡಿಯ ಮೇಲೆ ಮಣ್ಣೆಳೆದು ಸ್ನಾನಕ್ಕೆ ಹೋದರು. ಮಧ್ಯಾಹ್ನ ಊರಿಗೆ ಊರೇ ಜಂಬೂ ಸವಾರಿ ನೋಡಲು ಹೋದಾಗ ನಮ್ಮ ಮನೆಯಲ್ಲಿ ಮೂವರೂ ಮೂರು ಕಡೆ ಕೂತಿದ್ದೆವು.

ಅಪ್ಪ ಹೋಳು ಆರಿಸಿದ್ದನ್ನು ಎದುರು ಮನೆಯಾಕೆ ನೋಡಿದ್ದಳು. ಅಂದಿನಿಂದ ಆಕೆ ನಮ್ಮೊಡನೆ ಮಾತು ಬಿಟ್ಟಳು. ಆದರೆ ನೋಡುವುದು ಬಿಡಲಿಲ್ಲ. ನಾನು ತುಳಸಿಗೆ ನೀರು ಹಾಕಲು ಮುಂದಕ್ಕೆ ಬಂದರೆ ಸಾಕು, ಗೇಟಿನ ಹಿಂದೆ ನಿಂತು ನನ್ನ ಹೊಟ್ಟೆಯನ್ನೇ ನೋಡುತ್ತಿದ್ದಳು. ಅಮ್ಮ ಸೆರಗು ಹೊದಿಸಿ ನನ್ನನ್ನು ಒಳಕ್ಕೆ ದಬ್ಬುವಳು.

"ಆ ಕಣ್ಣಿಗೆ ಬೀಳ್ಬೇಡ. ಎಷ್ಟು ತಿಂಗಳು ಅಂತ ಯಾರಾದ್ರೂ ಕೇಳಿದ್ರೆ ಕಮ್ಮಿ ಮಾಡಿ ಹೇಳು."

ದೃಷ್ಟಿಗಿಷ್ಟಿ ಎಲ್ಲ ನನಗೆ ನಂಬಿಕೆಯಿಲ್ಲ ಎಂದು ನಾನೇ ಗಂಡನೆದುರು ಜಂಭದಿಂದ ಹೇಳಿಕೊಂಡಿದ್ದವಳು. ಆದರೂ ಆಕೆ ಕಂಡ ಕೂಡಲೇ ಸೆರಗು ಸರಿಮಾಡಿಕೊಳ್ಳುವುದು ನನಗೆ ಅಭ್ಯಾಸವಾಯಿತು. ನನ್ನ ತಲೆದಿಂಬಿನ ಕೆಳಗೆ ಅಮ್ಮ ಏನೇನೋ ಇಡುತ್ತಿದ್ದಾಳೆಂಬ ಅನುಮಾನವೂ ಇತ್ತು. ಎತ್ತಿ ನೋಡಿದರೆ ಒಣಮೆಣಸಿನಕಾಯಿ, ಉಪ್ಪಿನ ಗಂಟು. ಸಿಟ್ಟು ಬಂದರೂ ಎಸೆಯಲು ಕೈ ಬರಲಿಲ್ಲ.

ದೀಪಾವಳಿಗೆ ಮುಂಚೆಯೇ ಗುಂಡಿಯಲ್ಲಿ ಬೂದುಗುಂಬಳದ ಸಸಿ ಎದ್ದವು. ಕೊಬ್ಬಿದ ಗೊಬ್ಬರದ ಮೇಲೆ ಬೆಳೆದ ಬಳ್ಳಿ, ಕೇಳಬೇಕೆ! ಕಾಂಪೌಂಡ್ ಗೋಡೆ ಹತ್ತಿತು, ಬಟ್ಟೆ ಒಗೆಯುವ ಕಲ್ಲು ಮುಚ್ಚಿತು. ಅಪ್ಪನಿಗೆ ಹಿಗ್ಗೋ ಹಿಗ್ಗು. ಅಮ್ಮ ಆ ಕಡೆ ತಲೆ ಹಾಕಲಿಲ್ಲ, ನನ್ನನ್ನೂ ಬಿಡಲಿಲ್ಲ. ಹಳದಿ ಹೂವಾಯಿತು, ಹಿಂದೆಯೇ ಹೀಚಾಯಿತು. ಆದರೆ ಹೆಬ್ಬೆರಳಿನಷ್ಟಾದ ಕೂಡಲೇ ಹೀಚೆಲ್ಲ ಹಳದಿ ತಿರುಗಿ ಉದುರತೊಡಗಿದವು.

ಅಪ್ಪನ ಗುಮಾನಿ ಸೀದಾ ಎದುರು ಮನೆಗೆ ಹೋಯಿತು. ಹಿತ್ತಲ ಗೋಡೆಯಾಚೆಯ ಓಣಿಯಿಂದ ಯಾರೋ ಬಂದು ಬಿಸಿನೀರು ಹೊಯ್ಯುತ್ತಿದ್ದಾರೆ ಎಂದರು. ಅಮ್ಮನ ಗುಮಾನಿ ಅಲ್ಲಿ ಇಲ್ಲಿ ಹೋಗಲಿಲ್ಲ. ಬಾಗಿಲಿನಿಂದಲೇ ಉದುರಿದ ಹೀಚನ್ನು ನೋಡಿ, ನನ್ನನ್ನು ನೋಡಿ, ಕಣ್ಣೊರೆಸಿಕೊಂಡು ಒಳಕ್ಕೆ ಹೋದಳು. ನನಗೂ ಅವನ್ನು ನೋಡಲಾಗುತ್ತಿರಲಿಲ್ಲ. ಆಗ ನನಗೆ ಐದನೇ ತಿಂಗಳು ನಡೆಯುತ್ತಿತ್ತು.

ಪುಸ್ತಕದಲ್ಲಿ ಹೀಚು ಉದುರುವ ವಿಚಾರವೂ ಇತ್ತು. ನಾನು ಅದನ್ನು ಬಿಟ್ಟು ಮುಂದಿನ ಪುಟಕ್ಕೆ ಹೋದೆ. ಅಪ್ಪ ಗುದ್ದಲಿ ಕೆಳಗಿಟ್ಟರು.

"ಏನೋ ಬಿಟ್ಟೆ."

"ಏನೂ ಇಲ್ಲಪ್ಪ."

"ಬಿಟ್ಟೆ ಕಣಮ್ಮ. ಓದು."

ಓದಿದೆ. ಹೆಣ್ಣುಹೂವಿಗೆ ಪರಾಗ ಸರಿಯಾಗಿ ಸೇರದೆ ಹೋದರೆ ಬಳ್ಳಿ ಹೀಚನ್ನು ಉಳಿಸಿಕೊಳ್ಳುವುದಿಲ್ಲ; ಎಷ್ಟೋ ಸಲ ಕಾರಣವೇ ತಿಳಿಯುವುದಿಲ್ಲ; ಅದು ಬಳ್ಳಿಯ ದೋಷವಲ್ಲ, ಬೆಳೆದವರ ದೋಷವೂ ಅಲ್ಲ. ಯಾರ ತಪ್ಪೂ ಅಲ್ಲವಂತೆ. ಎಲ್ಲೋ ಕೂತು ಬರೆದವನಿಗೆ ಎಷ್ಟು ಸುಲಭ ಎಂದು ಪುಸ್ತಕದ ಮೇಲೇ ರೋಷ ಬಂತು. ಅಪ್ಪ ಉದುರಿದ ಹೀಚೊಂದನ್ನು ಎತ್ತಿ ಉಗುರಿನಿಂದ ಸೀಳಿ ನೋಡಿದರು.

"ನಿಜಾನೋ ಸುಳ್ಳೋ, ಬರ್ದೋನಿಗೇ ಗೊತ್ತು," ಎಂದರು ಕೊನೆಗೆ.

ಆದರೂ ಮಾರನೆಯ ಬೆಳಿಗ್ಗೆಯಿಂದ ಗಂಡುಹೂವು ಕಿತ್ತು ಹೆಣ್ಣುಹೂವಿಗೆ ತಾವೇ ಸವರತೊಡಗಿದರು. ಒಂದೇ ಒಂದು ಹೀಚು ನಿಂತಿತು. ಅದು ಮುಷ್ಟಿಯಷ್ಟಾಯಿತು, ತೆಂಗಿನಕಾಯಿಯಷ್ಟಾಯಿತು. ಅಪ್ಪ ಅದರಡಿಗೆ ಹುಲ್ಲಿನ ಸಿಂಬಿ ಇಟ್ಟರು. ನನ್ನ ಐದನೇ ತಿಂಗಳು ಕಳೆಯಿತು, ಆರು ಕಳೆಯಿತು. ಅಮ್ಮನ ಕಣ್ಣು ತಪ್ಪಿಸಿ ನಾನೂ ಹೋಗಿ ನೋಡಿಬರುತ್ತಿದ್ದೆ. ಅದು ನಿಂತರೆ ಇದೂ ನಿಲ್ಲುತ್ತದೆ ಎಂದು ಮನಸ್ಸು ತಾನೇ ಲೆಕ್ಕ ಹಾಕಿಕೊಂಡಿತ್ತು. ಪುಸ್ತಕ ಓದಿದವಳ ಬುದ್ಧಿ ನೋಡಿ! ಇದನ್ನು ಯಾರಿಗೂ ಹೇಳಲಿಲ್ಲ. ಅಪ್ಪನೂ ಒಳಗೊಳಗೇ ಅದೇ ಲೆಕ್ಕ ಹಾಕುತ್ತಿದ್ದಾರೆಂದು ನನಗೆ ಅನುಮಾನವಿತ್ತು, ಯಾಕೆಂದರೆ ಬೇರೆ ಯಾವ ಕಾಯನ್ನೂ ಅವರು ಮೈಸವರಿ ನೋಡಿದ್ದನ್ನು ನಾನು ಕಾಣೆ.

ಕಾಯಿಯ ಮೇಲೆ ಬೂದಿ ಕೂರುವ ಹೊತ್ತಿಗೆ, ಒಂದು ಮಧ್ಯಾಹ್ನ, ಅಪ್ಪ ಲೈಬ್ರರಿಗೂ ಅಮ್ಮ ನೆಂಟರ ಮನೆಗೂ ಹೋಗಿದ್ದಾಗ, ನಾನು ಮಲಗಿ ಎದ್ದು ನೋಡಿದರೆ ಸಿಂಬಿ ಬರಿದಾಗಿತ್ತು. ತೊಟ್ಟನ್ನು ಕುಡುಗೋಲಿನಲ್ಲಿ ನೀಟಾಗಿ ಕೊಯ್ದಿದ್ದರು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಒಳಗೆ ಮಿಸುಕಾಡುವವರೆಗೂ ಅಲ್ಲೇ ನಿಂತಿದ್ದೆ.

ಅಪ್ಪ ಬಂದವರೇ ಅಮ್ಮನ ಮೇಲೆ ಹರಿಹಾಯ್ದರು. ನಿಜ ಹೇಳಬೇಕೆಂದರೆ ನನ್ನ ಅನುಮಾನವೂ ಅಮ್ಮನ ಮೇಲೆಯೇ ಇತ್ತು. ನೆಂಟರ ಮನೆಗೆಂದು ಹೇಳಿ ಹಿತ್ತಲಿಂದ ಬಂದು ಹೋಗಿರಬೇಕು ಎಂದುಕೊಂಡಿದ್ದೆ.

"ನಾನಲ್ಲ ಕಣ್ರೀ. ಹೆಂಗಸರು ಕುಂಬಳಕಾಯಿ ಕುಯ್ತಾರಾ?"

"ಯಾರ ಕೈಲೋ ಕುಯ್ಸಿದ್ದೀಯ."

"ಹಾಗಾದ್ರೆ ಆಣೆ ಇಡ್ಲಾ?" ಎಂದು ಅಮ್ಮ ನನ್ನ ತಲೆಯ ಮೇಲೆ ಕೈ ಇಡಲು ಬಂದಳು.

"ಬೇಡ! ಅವಳ ತಲೆ ಮುಟ್ಬೇಡ!"

ಅಪ್ಪನ ದನಿ ಒಡೆದಿತ್ತು. ಜಗಲಿಯ ಕಂಬ ಹಿಡಿದುಕೊಂಡು ಹಾಗೇ ಕೂತುಬಿಟ್ಟರು. ದೃಷ್ಟಿಯೆಲ್ಲ ನೀರು, ನಾರು ಎಂದ ಮನುಷ್ಯ ಒಂದು ಆಣೆಗೆ ನಡುಗುತ್ತಿದ್ದರು. ಅಮ್ಮ ಕೈ ಹಿಂದಕ್ಕೆ ತೆಗೆದುಕೊಂಡು ಅವರನ್ನೇ ನೋಡಿದಳು. ಇಷ್ಟು ದಿನ ತಾನೊಬ್ಬಳೇ ಹೆದರಿದ್ದೇನೆ ಎಂದುಕೊಂಡಿದ್ದಳು, ಪಾಪ.

ಗಲಾಟೆ ಬೀದಿಗೆ ಕೇಳಿಸಿರಬೇಕು. ಗೇಟು ತೆಗೆದ ಸದ್ದಾಯಿತು. ಎದುರು ಮನೆಯಾಕೆ ನೇರವಾಗಿ ಅಂಗಳಕ್ಕೆ ಬಂದು ನಿಂತಳು.

"ಆಯಮ್ಮನ್ ಯಾಕ್ ಬೈತೀರ ಸ್ವಾಮಿ. ಕಾಯಿ ಕುಯ್ಸಿದ್ದು ನಾನು."

ಅಪ್ಪ ಎದ್ದರು. ಆಕೆ ಹೆದರಲಿಲ್ಲ.

"ನಮ್ ಮಿಲ್ಲಿಗೆ, ನಮ್ ಮೊಮ್ಮಕ್ಕಳಿಗೆ ನಿವಾಳ್ಸಿ ಒಡ್ಸಿದ್ ಕಾಯಿ ಅದು. ನಮ್ಮನೆ ಮೇಲೆ ಬಿದ್ದಿದ್ ಕಣ್ಣೆಲ್ಲಾ ಅದ್ರಾಗಿತ್ತು. ನೀವು ತಂದ್ ಊತ್ಕಂಡ್ರಿ, ಸಿಟ್ಟಿತ್ತು ನಂಗೆ. ಅಂಗಂತ ಕೂಸೇನ್ ಮಾಡ್ತು? ದಿನಾ ಈ ಮಗಳ ಒಟ್ಟೆ ನೋಡೀ ನೋಡೀ ನಂಗೆ ಅನ್ನ ಇಳೀತಿರ್ಲಿಲ್ಲ. ಕಾಯಿ ಬಲಿಯೋಕ್ ಮುಂಚೆ ಮಗನ್ ಕೈಲಿ ಕುಯ್ಸಿ ಕುಕ್ಕರಹಳ್ಳಿ ಕೆರೆಗಾಕ್ಸ್‌ಬುಟ್ಟೆ. ನಮ್ದು ನಮ್ಗೇ ಇರ್ಲಿ."

"ಬೀಜದಲ್ಲೆಲ್ಲಾ ದೃಷ್ಟಿ ಇರಲ್ಲ ಕಣಮ್ಮ," ಎಂದರು ಅಪ್ಪ. ದನಿಯಲ್ಲಿ ಜೋರಿರಲಿಲ್ಲ.

"ಇಲ್ದೇ ಇರ್ಬೋದು ಸ್ವಾಮಿ. ಇದ್ರೆ?"

ಆಕೆ ನನ್ನ ಕಡೆ ಒಮ್ಮೆ ನೋಡಿ, ಬಂದ ಹಾಗೇ ಹೊರಟುಹೋದಳು. ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಹಾಗೆ ಇಳಿದದ್ದಕ್ಕೆ ನನ್ನ ಮೇಲೆ ನನಗೇ ಕೋಪ ಬಂತು. ಯಾರ ತಪ್ಪೂ ಅಲ್ಲ ಎಂದು ಪುಸ್ತಕ ಹೇಳಿದಾಗ ಸಿಗದ ಸಮಾಧಾನ, ತಪ್ಪು ನಮ್ಮದಿರಲಿ ಎಂದು ಒಬ್ಬಾಕೆ ಬಂದು ಹೊತ್ತುಕೊಂಡಾಗ ಸಿಕ್ಕಿತು.

ಅಪ್ಪನ ಗುಮಾನಿ ಮಾತ್ರ ಅಷ್ಟು ಸುಲಭಕ್ಕೆ ಸಾಯುವಂಥದ್ದಲ್ಲ. ಬೇಸಿಗೆಯಲ್ಲಿ ಎದುರು ಮನೆಯ ತಾರಸಿಯ ಮೇಲೆ ಬೂದುಗುಂಬಳದ ಸಂಡಿಗೆ ಒಣಗುವುದನ್ನು ಕಂಡು, "ಕೆರೆಗೆ ಹಾಕಿದ್ದನ್ನ ಯಾರು ನೋಡಿದ್ರು?" ಎಂದು ನನ್ನ ಕಿವಿಯಲ್ಲಿ ಕೇಳಿದರು. ಅಮ್ಮನಿಗೆ ಕೇಳಿಸಿ ಚೆನ್ನಾಗಿ ಬೈಸಿಕೊಂಡರು.

ಯುಗಾದಿಯ ನಂತರ ಒಂದು ಬೆಳಿಗ್ಗೆ ನನಗೆ ನೋವು ಶುರುವಾಯಿತು. ಅಪ್ಪ ಜಟಕಾ ತರಲು ಓಡಿದರು. ಅಮ್ಮ ಓಡಿದ್ದು ಎದುರು ಮನೆಗೆ. ಆಕೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದು, ಆಸ್ಪತ್ರೆಯವರೆಗೂ ನನ್ನ ಬೆನ್ನಿಗೆ ತನ್ನ ಎದೆ ಕೊಟ್ಟು ಕೂತಿದ್ದಳು. ಸಂಜೆಯ ಹೊತ್ತಿಗೆ ಮಗಳು ಹುಟ್ಟಿದಳು. ಜೋರಾಗಿ ಅತ್ತಳು.

ಅಮ್ಮ ಮಗುವನ್ನು ಬಟ್ಟೆಯಲ್ಲಿ ಸುತ್ತಿ ವರಾಂಡಕ್ಕೆ ಎತ್ತಿಕೊಂಡು ಹೋದಳು. ತೆರೆದ ಬಾಗಿಲಿನಿಂದ ನನಗೆ ಕಾಣಿಸುತ್ತಿತ್ತು. ಎದುರು ಮನೆಯಾಕೆ ಬೆಂಚಿನಿಂದ ಎದ್ದವಳು ಮಗು ಹತ್ತಿರ ಬಂದ ಕೂಡಲೇ ಗೋಡೆಯ ಕಡೆ ಮುಖ ತಿರುಗಿಸಿದಳು.

"ನಾನ್ ನೋಡಾಕಿಲ್ಲ ಕಣವ್ವ. ನನ್ ಕಣ್ಣು ಆಗ್ಬರಾಕಿಲ್ಲ ಅಂತ ನಿಮ್ಗೆ ಅನುಮಾನ. ನಂಗೂ ಅದೇ ಬಯ. ಎಲ್ಡು ಕೂಸ್ ಕಳ್ಕಂಡೋಳು ನಾನು."

ಅಮ್ಮ ಆಕೆಯ ಭುಜ ಹಿಡಿದು ಬೆಂಚಿನ ಮೇಲೆ ಕೂರಿಸಿ, ಮಗುವನ್ನು ಆಕೆಯ ಮಡಿಲಲ್ಲಿ ಇಟ್ಟಳು.

"ಇನ್ನೂ ಇವಳಪ್ಪ, ತಾತ ಯಾರೂ ನೋಡಿಲ್ಲ," ಎಂದಳು. "ಮೊದಲು ನೀವು ನೋಡಿ."