ಎರಡು ಸೀಟಿನ ಕಾರು, ನೀರಿನಂಥ ಎಣ್ಣೆ

ನನ್ನ ಗಂಡ ಹೈದರಾಬಾದಿನಿಂದ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ತಂದಾಗ ಬೀದರಿನ ನಮ್ಮ ಓಣಿಯವರೆಲ್ಲ ಅದರ ಕೆಂಪು ಬಣ್ಣ ನೋಡಿದರು. ನಾನು ನೋಡಿದ್ದು ಸೀಟು. ಇದ್ದದ್ದೇ ಎರಡು. ಅತ್ತೆಗೆ ಜಾಗವೇ ಇಲ್ಲದ ವಾಹನ ಕಂಡುಹಿಡಿದ ಪುಣ್ಯಾತ್ಮನಿಗೆ ಮನಸ್ಸಿನಲ್ಲೇ ಕೈಮುಗಿದೆ.

ಅತ್ತೆಯೂ ಅದರ ಹತ್ತಿರ ಸುಳಿಯಲಿಲ್ಲ. "ಕುಂದ್ರಬೇಕಂದ್ರ ಮಲಕೋಬೇಕು, ಇದೆಂಥಾ ಗಾಡಿ ಅದಪ್ಪ?" ಎಂದು ಮಗನನ್ನು ಕೇಳಿದರು. ದಿನಾ ಅದರಲ್ಲೇ ಔರಾದಿನ ಕಾಲೇಜಿಗೆ ಪಾಠ ಹೇಳಲು ಹೋಗುವ ಮಗನಿಗೆ ಒಂದೇ ಆಸೆ: ಸೋದರಮಾವನ ಮಗಳ ನಿಶ್ಚಿತಾರ್ಥಕ್ಕೆ ಭಾಲ್ಕಿ ಕಡೆಯ ಸಾಯಗಾಂವಕ್ಕೆ, ಅಂದರೆ ಅವ್ವನ ತವರಿಗೆ, ಅವ್ವನನ್ನು ಈ ಕಾರಿನಲ್ಲೇ ಕರೆದೊಯ್ಯಬೇಕು. ಹಾಗಾದರೆ ನನಗೆ ಬಸ್ಸೇ ಗತಿ.

ಅಷ್ಟರಲ್ಲಿ ಎಣ್ಣೆಯ ಪ್ರಸಂಗ ಬಂತು. ಇಂಜಿನ್‌ಗೆ ಹಳೆಯ ದಪ್ಪ ಆಯಿಲ್ ಬಿಟ್ಟು ಸಿಂಥೆಟಿಕ್ ಹಾಕಿಸಿ ಎಂದ ಮೆಕ್ಯಾನಿಕ್. ಇವರು ಡಬ್ಬಿ ತಂದು ಜಗಲಿಯ ಮೇಲಿಟ್ಟರು. ನಮ್ಮ ಮನೆಗೆ ಯಾವ ಎಣ್ಣೆ ಬಂದರೂ ಅತ್ತೆ ಮುಟ್ಟಿ ನೋಡಿದ ಮೇಲೇ ಒಳಗೆ; ತವರಿನಲ್ಲಿ ಹೊಲದ ಕುಸುಬೆಯನ್ನು ಗಾಣಕ್ಕೆ ಹಾಕಿಸುತ್ತಿದ್ದ ಕಾಲದ ರೂಢಿ ಅದು. ಬೆರಳುಗಳ ನಡುವೆ ಹನಿ ತಿಕ್ಕಿದರು, ಮೂಸಿದರು, ತೀರ್ಪು ಕೊಟ್ಟರು.

"ನೀರು! ಜಿಡ್ಡೇ ಇಲ್ಲ. ಮೋಸ ಹೋಗಿದಿ ನೋಡು. ಈ ಎಣ್ಣಿ ಹಾಕಿದ ಗಾಡ್ಯಾಗ ನಾ ಅಂತೂ ಕುಂದ್ರಂಗಿಲ್ಲ."

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ನಾನೂ ಬೆರಳದ್ದಿದೆ. "ಖರೇ ಅದ್ರಿ ಅತ್ತಿ, ಜರಾನೂ ಜಿಡ್ಡಿಲ್ಲ."

ಇವರು ನನ್ನನ್ನು ನುಂಗುವ ಹಾಗೆ ನೋಡಿದರು. ಆದರೂ ಅವ್ವನ ಮಗ. ಮರುದಿನ ಟ್ರ್ಯಾಕ್ಟರಿಗೆ ಹಾಕುವ ದಪ್ಪ ಎಣ್ಣೆಯನ್ನೂ ತಂದರು. "ಎಣ್ಣಿ ಅಂದ್ರ ಇದು" ಎಂದು ಅತ್ತೆ ಮೆಚ್ಚಿದರು. ಅದನ್ನು ಹಾಕಿದರೆ ಇಂಜಿನ್ ಕೆಡುತ್ತದೆ, ಆ ಪಾಪ ನನಗೆ ಬೇಡ ಎಂದು ಮೆಕ್ಯಾನಿಕ್ ಕೈಚೆಲ್ಲಿದ. ಎರಡೂ ಡಬ್ಬಿ ಜಗಲಿಯಲ್ಲೇ ಉಳಿದವು. ನನ್ನ ಲೆಕ್ಕ ಇಷ್ಟೇ: ಕೊನೆಗೆ ಕಾರಿಗೆ ತೆಳು ಎಣ್ಣೆಯೇ ಬೀಳಬೇಕು, ಅತ್ತೆ ಮುನಿಸಿಕೊಂಡು ಹತ್ತದೇ ಇರಬೇಕು, ಸೀಟು ನನಗಿರಬೇಕು. ಅದಕ್ಕೇ ದಿನಾ ಸಂಜೆ ಚಹಾ ಕೊಡುವಾಗ ಅತ್ತೆಯ ಮುಂದೆ ದಪ್ಪ ಎಣ್ಣೆಯ ಗುಣಗಾನ ಮಾಡುತ್ತಿದ್ದೆ. ಅವರು ಚಹಾ ಹೀರುತ್ತ ಕೇಳುತ್ತಿದ್ದರು.

ನಿಶ್ಚಿತಾರ್ಥದ ಹಿಂದಿನ ಮುಂಜಾನೆ ಮೈ ನಡುಗುವ ಚಳಿ. ಅತ್ತೆ ತಲೆಗೆ ಹಚ್ಚಿಕೊಳ್ಳಲು ಕೊಬ್ಬರಿ ಎಣ್ಣೆ ತೆಗೆದರೆ ಬಾಟಲಿಯೊಳಗೆ ಅದು ಗಟ್ಟಿಯಾಗಿತ್ತು. ಒಲೆಯ ಪಕ್ಕ ಬಾಟಲಿ ಹಿಡಿದು ಕೂತವರು ಇದ್ದಕ್ಕಿದ್ದಂತೆ ಎದ್ದು ಜಗಲಿಗೆ ನಡೆದರು. ತಟ್ಟೆಯಲ್ಲಿ ಎರಡೂ ಡಬ್ಬಿಯಿಂದ ಒಂದಿಷ್ಟು ಸುರಿದು ಓರೆ ಮಾಡಿದರು. ದಪ್ಪನೆಯದು ಬೆಲ್ಲದ ಪಾಕದಂತೆ ತೆವಳಿತು. ತೆಳುವಾದದ್ದು ಆಗಲೇ ಅಂಚು ಮುಟ್ಟಿತ್ತು.

"ಚಳ್ಯಾಗ ಎದ್ದ ಕೂಡ್ಲೇ ಗಾಡಿ ಹೊಟ್ಟಿ ತುಂಬ ಲಗೂ ಹರಿಯೋದು ಇದೇ ಅಲ್ಲೇನು?" ಎಂದು ಮಗನನ್ನು ಕೂಗಿದರು. "ಏಳಪ್ಪಾ, ಇದನ್ನೇ ಹಾಕಸು. ನಾಳಿ ನಾನೂ ಕುಂದರ್ತೀನಿ."

"ಜಿಡ್ಡಿಲ್ಲಲ್ರಿ ಅತ್ತಿ?" ಎಂದೆ. ನನ್ನ ದನಿ ನನಗೇ ಅಳುವಂತೆ ಕೇಳಿತು. ಅತ್ತೆ ತೆಳು ಎಣ್ಣೆಯ ಡಬ್ಬಿ ಎತ್ತಿಕೊಂಡು ಮಗನ ಕೋಣೆಗೆ ನಡೆದರು.

ಮರುದಿನ ಹೊಸ ಎಣ್ಣೆ ಕುಡಿದ ಕಾರು ಬಾಗಿಲಲ್ಲಿ ನಿಂತಿತ್ತು. ಅತ್ತೆ ನಿರಿಗೆ ಹಿಡಿದು, "ಅಯ್ಯಯ್ಯ" ಎನ್ನುತ್ತ ಮಲಗಿದಂತೆ ಕೂತರು. ಗಾಜು ಇಳಿಸಿ ನನ್ನನ್ನು ಕರೆದು, ಜಗಲಿಯ ಮೇಲೆ ಉಳಿದ ದಪ್ಪ ಎಣ್ಣೆಯ ಡಬ್ಬಿ ತೋರಿಸಿದರು.

"ನಿನಗ ಅದರ ಮ್ಯಾಲ ಭಾಳ ಜೀವ ಅಲ್ಲೇನು? ನಮ್ಮ ಅಣ್ಣನ ಟ್ರ್ಯಾಕ್ಟರಿಗಿ ಆಗ್ತದ. ಇಲ್ಲಿ ಜಾಗ ಇಲ್ಲ. ಬಸ್ಸಿನಾಗ ತೊಡಿ ಮ್ಯಾಲ ಇಟ್ಕೊಂಡು ಬಾ, ಚೆಲ್ಲಬ್ಯಾಡ."

ಸ್ಟೀರಿಂಗ್ ಮೇಲೆ ತಲೆ ಬಗ್ಗಿಸಿಕೊಂಡಿದ್ದ ಗಂಡನ ಹೆಗಲು ಕುಲುಕುತ್ತಿತ್ತು. ನನಗೆ ಸಿಟ್ಟೂ ಬಂತು, ನಗುವೂ ಬಂತು.

ಭಾಲ್ಕಿ ಬಸ್ಸಿನಲ್ಲಿ ರೇಷ್ಮೆ ಸೀರೆಯ ಮೇಲೆ ಹಳೆಯ ಟವೆಲ್ ಹಾಸಿ, ಡಬ್ಬಿ ತಬ್ಬಿಕೊಂಡು ಕೂತೆ. ಪಕ್ಕದ ಹೆಂಗಸು ಬಗ್ಗಿ ನೋಡಿ ಕೇಳಿದಳು, "ಎಣ್ಣಿ ಏನ್ರಿ? ಚಲೋ ಅದ?"

"ಭಾಳ ಚಲೋ ಅದ್ರಿ," ಎಂದೆ. "ನಾನೇ ಹೊಗಳಿ ಹೊಗಳಿ ತಗೊಂಡೀನಿ."