ಅಕ್ಕನ ಬಾರ್ಲಿ ನೀರು

ಲಿಂಗ ಕಟ್ಟಿಕೊಂಡ ಮನೆತನ ನಮ್ಮದು. ಮುಟ್ಟಾದವರು ಮೂಲೆಯಲ್ಲಿ ಕೂರುವ ಪದ್ಧತಿ ನಮ್ಮಲ್ಲಿಲ್ಲ. ಸ್ನಾನ ಮಾಡಿ ಎಂದಿನಂತೆ ಲಿಂಗಪೂಜೆಗೆ ಕೂರುತ್ತೇವೆ. ಇದರ ಬಗ್ಗೆ ನನಗೆ ಈಗಲೂ ಹೆಮ್ಮೆಯೇ. ಆದರೆ ಮೈಲಿಗೆಯೇ ಇಲ್ಲ ಎಂದ ನಾವು ಮುಟ್ಟಿನ ಮಾತನ್ನೂ ಆಡಲಿಲ್ಲ. ಮುಟ್ಟು ನಿಂತು ವರ್ಷಗಳಾದ ಮೇಲೆ ಅಕ್ಕನಿಗೆ ಮತ್ತೆ ರಕ್ತ ಹೋಗತೊಡಗಿದಾಗ ಆರ್‌ಪಿಸಿ ಲೇಔಟಿನ ಅವಳ ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಉಷ್ಣ ಅಂದುಕೊಂಡು ಬಾರ್ಲಿ ನೀರು ಕುಡಿದಳು. ಬೇಸಿಗೆ ಪೂರ್ತಿ ಕುಡಿದಳು. ಬಾರ್ಲಿ ನೀರಿಗೆ ಜಗ್ಗುವ ರೋಗವಲ್ಲ ಅದು.

ನಾನು ರಾಜಾಜಿನಗರದ ಒಂದು ಲ್ಯಾಬಿನಲ್ಲಿ ಪೆಥಾಲಜಿ ಡಾಕ್ಟರು. ಸೊಂಟನೋವು ತಡೆಯಲಾರದೆ ಅಕ್ಕ ಕೊನೆಗೆ ಬಾಯಿಬಿಟ್ಟಾಗ ಸ್ತ್ರೀರೋಗ ತಜ್ಞೆಯ ಹತ್ತಿರ ಕರೆದುಕೊಂಡು ಹೋದೆ. ಅವರು ಗರ್ಭಕಂಠದಿಂದ ತೆಗೆದ ಚೂರು ನನ್ನ ಮೈಕ್ರೋಸ್ಕೋಪಿನ ಕೆಳಗೇ ಬಂತು. ಪದರ ಪದರವಾಗಿ ಇರಬೇಕಾದ ಕೋಶಗಳು ಅಡ್ಡಾದಿಡ್ಡಿ ಬೆಳೆದು, ಅವುಗಳ ನ್ಯೂಕ್ಲಿಯಸ್ ಕಪ್ಪಗೆ ಊದಿಕೊಂಡು, ತಳದ ಗೆರೆ ದಾಟಿ ಕೆಳಗೆ ನುಗ್ಗಿದ್ದವು. ನನ್ನ ಕಣ್ಣನ್ನೇ ನಂಬದೆ ಸಹೋದ್ಯೋಗಿಗೂ ತೋರಿಸಿದೆ. ಅವರೂ ಕ್ಯಾನ್ಸರ್ ಎಂದೇ ಹೇಳಿದರು. ಈ ಕೋಶಗಳು ಕೆಡಲು ವರ್ಷಗಟ್ಟಲೆ ಹಿಡಿಯುತ್ತದೆ. ಅಷ್ಟರಲ್ಲಿ ಯಾವತ್ತಾದರೂ ಒಂದು, ಗರ್ಭಕಂಠ ಒರೆಸಿ ಕೋಶ ನೋಡುವ ಸ್ಮಿಯರ್ ಪರೀಕ್ಷೆ ಮಾಡಿಸಿದ್ದರೆ ಸಾಕಿತ್ತು. ನಮ್ಮ ದೇಶದ ಹೆಂಗಸರಿಗೆ ಗಂಡ, ಮಕ್ಕಳು, ಮನೆದೇವರು ಎಲ್ಲರಿಗೂ ಬಿಡುವು ಸಿಗುತ್ತದೆ, ಇದೊಂದಕ್ಕೆ ಸಿಗುವುದಿಲ್ಲ. ನನಗೆ ಅಳು ಬರಲಿಲ್ಲ, ಮೈ ಉರಿಯಿತು.

ಭಾವ ಒಳ್ಳೆಯವರೇ, ಆದರೆ ಪುಕ್ಕಲು. ಮಗಳ ಮದುವೆ ನಿಶ್ಚಯವಾಗಿತ್ತು. ಬೀಗರಿಗೆ ತಿಳಿದರೆ ಏನೇನೋ ಅಂದುಕೊಳ್ಳುತ್ತಾರೆ, ರೇಡಿಯೇಶನ್ ಮದುವೆ ಮುಗಿದ ಮೇಲೆ ಇಟ್ಟುಕೊಳ್ಳೋಣ, ಕೇಳಿದವರಿಗೆ ಗ್ಯಾಸ್ಟ್ರಿಕ್ ಎಂದರಾಯಿತು ಎಂದರು. ಕಲ್ಯಾಣ ಮಂಟಪದ ತಾರೀಖು ನೋಡಿಕೊಂಡು ಗಡ್ಡೆ ಕಾಯುವುದಿಲ್ಲ ಎಂದೆ. ಆ ‘ಏನೇನೋ’ ಏನೆಂದೂ ನನಗೆ ಗೊತ್ತಿತ್ತು. ಈ ಕಾಯಿಲೆಯ ಹಿಂದಿರುವುದು ಗಂಡು ಹೆಣ್ಣು ಕೂಡುವಾಗ ಹರಡುವ ವೈರಸ್ಸು. ಗಂಡಸೂ ಹೊತ್ತು ತರುವ ವೈರಸ್ಸಿಗೆ ಹೆಂಗಸೊಬ್ಬಳೇ ಯಾಕೆ ಮುಖ ಮುಚ್ಚಿಕೊಳ್ಳಬೇಕು ಎಂದು ಭಾವನ ಮುಖಕ್ಕೇ ಕೇಳಿದೆ. ಅವರು ಟೀವಿಯ ಕಡೆ ನೋಡಿದರು. ಟೀವಿ ಆಫ್ ಆಗಿತ್ತು.

ಪಕ್ಕದಲ್ಲೇ ಕೂತಿದ್ದ ಅಕ್ಕ ಮೊಬೈಲು ತೆಗೆದು ನಂದಿನಿ ಲೇಔಟಿನಲ್ಲಿರುವ ಬೀಗಿತ್ತಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು.

“ಬೀಗ್ರೇ, ನಂಗೆ ಗರ್ಭಕಂಠದ ಕ್ಯಾನ್ಸರ್. ಮುಂದಿನ ವಾರ ರೇಡಿಯೇಶನ್ ಶುರು ಮಾಡಿಸ್ತಾ ಇದೀನಿ. ಮದುವೇಲಿ ಓಡಾಡೋಕೆ ಆಗುತ್ತೋ ಇಲ್ವೋ ಗೊತ್ತಿಲ್ಲ. ಸಂಬಂಧ ಬೇಡ ಅನ್ಸಿದ್ರೆ ಈಗ್ಲೇ ಹೇಳ್ಬಿಡಿ.”

ಭಾವ ತಲೆಯ ಮೇಲೆ ಕೈ ಹೊತ್ತು ಕೂತರು. ಆಮೇಲೆ ಬೀಗಿತ್ತಿ, ಮದುವೆ ಅದರ ಪಾಡಿಗೆ ನಡೆಯಲಿ ಬಿಡಿ ಎಂದರು. ಹಾಗೇ ದನಿ ತಗ್ಗಿಸಿ, ಇದಕ್ಕೆ ಪರೀಕ್ಷೆ ಎಲ್ಲಿ ಮಾಡುತ್ತಾರೆ ಎಂದು ಕೇಳಿದರು. ಬಹಳ ದಿನದಿಂದ ಅವರೂ ಉಷ್ಣ ಅಂತ ಬಾರ್ಲಿ ನೀರು ಕುಡಿಯುತ್ತಿದ್ದಾರಂತೆ.

ಅಕ್ಕ ಫೋನನ್ನು ನನ್ನ ಕೈಗೆ ಕೊಟ್ಟಳು.

“ಎಲ್ಲಿ ಅಂತ ಹೇಳು ಕಣೇ. ಗಟ್ಟಿಯಾಗಿ ಹೇಳು, ನಿಮ್ಮ ಭಾವಂಗೂ ಕೇಳ್ಲಿ.”