ಕಿಟಕಿಯಿಂದ ಬಂದ ಗುಗ್ಗರಿ

ಇಂದು ಸಂಜೆ ಜಪಮಾಲೆ ಪ್ರಾರ್ಥನೆಗೆಂದು ಹೋದ ಮನೆಯ ಕಿಟಕಿಯಿಂದ ಆಗಷ್ಟೇ ಆರಿಸಿದ ಮೇಣದಬತ್ತಿಯ ವಾಸನೆ ಬಂತು. ಬಾಗಿಲು ಮುಚ್ಚಿತ್ತು.

ನನ್ನ ಬಾಲ್ಯದಲ್ಲಿ, ಗುಂಡ್ಲುಪೇಟೆಯಲ್ಲಿ, ಅವ್ವನೂ ಹೀಗೇ ಮಾಡಿದ್ದಳು. ಕೇರಳಕ್ಕೆ ಲಾರಿ ಓಡಿಸುತ್ತಿದ್ದ ಅಪ್ಪ ಮನೆಗೆ ಬಾರದೆ ತಿಂಗಳುಗಳಾಗಿದ್ದವು. ಚರ್ಚಿನ ಮಾತೆಯ ಪ್ರತಿಮೆ ಮನೆಮನೆಗೆ ಬರುವ ಸರದಿಯಲ್ಲಿ ಅಂದು ನಮ್ಮ ಮನೆ. ಜಪ ಮುಗಿದ ಮೇಲೆ ಬಂದವರಿಗೆ ಹಂಚಲು ಹಿಡಿ ಕಡಲೆಯೂ ಇರಲಿಲ್ಲ. ಅವ್ವ ಬಾಗಿಲು ಹಾಕಿ, ಬತ್ತಿ ಆರಿಸಿ ನನ್ನ ಬಾಯಿ ಮುಚ್ಚಿದಳು. ಅಂಗೈ ತುಂಬ ಅವಳು ಕೂಲಿಗೆ ಹೋಗುತ್ತಿದ್ದ ತರಕಾರಿ ಮಂಡಿಯ ಈರುಳ್ಳಿ ವಾಸನೆ.

ಹೆಂಗಸರು ಬಾಗಿಲು ತಟ್ಟಲಿಲ್ಲ. ಜಗಲಿಯಲ್ಲೇ ಕೂತು ಜಪ ಶುರುಮಾಡಿದರು. ಪಕ್ಕದ ಮನೆಯ ಮೇರಮ್ಮಜ್ಜಿ ನಮ್ಮ ಕಿಟಕಿಯಿಂದ ಒಳಗೆ ಡಬ್ಬಿ ಚಾಚಿದರು: "ಗುಗ್ಗರಿ ಕಣವ್ವ. ನಿಮ್ಮನೇದು ಅಂತ್ಲೇ ಹಂಚ್ಬುಡು."

ಅವ್ವ ಅಳುತ್ತಾ ಬಾಗಿಲು ತೆಗೆದಳು. ಅಪ್ಪ ಮಾತ್ರ ಬರಲೇ ಇಲ್ಲ.

ಇಂದು ನಾನೂ ಬಾಗಿಲು ತಟ್ಟಲಿಲ್ಲ. ಜಪಕ್ಕೆ ಹೊರಟಾಗಲೆಲ್ಲ ಚೀಲದಲ್ಲಿಟ್ಟುಕೊಳ್ಳುವ ಗುಗ್ಗರಿ ಡಬ್ಬಿ ತೆಗೆದು ಕಿಟಕಿಯ ಕೆಳಗೆ ಕೂತೆ.